ಘಾಟಿಯ ಹಸಿರು ದೀಪ

ದೀಪ ಸಣ್ಣ ಮಾಡಿ, ಒಲೆ ಹತ್ರ ಬನ್ನಿ. ಸುಳ್ಳು ಅನ್ನೋನು ಈಗಲೇ ಎದ್ದು ಹೋಗ್ಲಿ... ಇದು ನನ್ನ ಚಿಕ್ಕಪ್ಪನ ಮಗ ಎರ್ಮೆಕ್‌ಗೆ ಆದದ್ದು. ಇಲ್ಲೇ, ನಮ್ಮ ನಾರಿನ್ ಊರಿನ ಕಡೆ.

ಆಫೀಸು ಮುಗಿಸಿ ಬರ್ತಿದ್ದ. ಕತ್ತಲು. ಪೋಪ್ಲರ್ ಮರಗಳನ್ನ ದಾಟಿ ಹಳೇ ಬಾವಿ ಹತ್ರ ಬಂದ. ಹಿಂದಿನಿಂದ ಸದ್ದು... ಝಣ್... ಝಣ್... ಕಿರ್ರ್. ಹಿಮದಲ್ಲಿ ಜಾರದಿರಲಿ ಅಂತ ಲಾರಿ ಚಕ್ರಕ್ಕೆ ಸರಪಳಿ ಕಟ್ತೀವಲ್ಲ, ಅದರದ್ದೇ. ತಿರುಗಿ ನೋಡಿದ. ಲಾರಿ ಇಲ್ಲ. ಕಿವಿ ಪಕ್ಕದಲ್ಲೇ ಒಂದು ದನಿ, ಮೆಲ್ಲಗೆ...

“ತಮ್ಮಾ... ಹೋಗ್ಲಾ?”

ನಮ್ಮೂರಲ್ಲಿ ಲಾರಿ ಓಡಿಸ್ತಿದ್ದ ಸಾಗಿನ್ ಅಣ್ಣನ ದನಿ. ಅವನನ್ನ ಮಣ್ಣು ಮಾಡಿ ತಿಂಗಳಾಗಿತ್ತು.

ಎರ್ಮೆಕ್ ಯಾಕೆ ಅಷ್ಟು ನಡುಗಿದ ಅಂತೀರಾ? ಘಾಟಿ ಮೇಲೆ ಹಿಮ ಅಳೆಯೋ ಪೆಟ್ಟಿಗೆ ಇದೆ. ಹಿಮ ಜಾಸ್ತಿಯಾದ್ರೆ ಕೆಳಗೆ ಗೇಟಲ್ಲಿ ಕೆಂಪು ದೀಪ, ಇಲ್ಲದಿದ್ರೆ ಹಸಿರು. ಅದರ ಪ್ರೋಗ್ರಾಮ್ ಬರೆದವನು ಇವನೇ. ಅಳತೆ ಬರದಿದ್ದಾಗಲೆಲ್ಲ ಎರರ್ ಬಂದು ಎಲ್ಲಾ ನಿಂತುಬಿಡ್ತಿತ್ತು. ಸಾಹೇಬರು ಬಯ್ತಿದ್ರು. ತಪ್ಪು ಹುಡುಕಿ ಹುಡುಕಿ ಸಾಕಾಗಿ ಇವನು ಒಂದು ಷರತ್ತು ಬರೆದ. ನಾನು ಪರೀಕ್ಷೆ ಮಾಡ್ತಿದ್ರೆ ಎರರ್ ತೋರಿಸು; ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಹಿಂದಿನ ಅಳತೆಯನ್ನೇ ಇಟ್ಕೊ. ನಾಳೆ ತೆಗೆದ್ರಾಯ್ತು ಅಂದ್ಕೊಂಡ. ತೆಗೀಲಿಲ್ಲ, ಸೋಮಾರಿ.

ಬಿರುಗಾಳಿಗೆ ಪೆಟ್ಟಿಗೆ ತಂತಿ ಕಿತ್ತುಬಂತು. ಪ್ರೋಗ್ರಾಮ್ ಬಿಸಿಲಿನ ದಿನದ ಅಳತೆ ಹಿಡ್ಕೊಂಡು ಕೂತಿತ್ತು. ದೀಪ ಹಸಿರು. ಗೇಟಲ್ಲಿ ಅದನ್ನ ನೋಡಿದವರು ಬೇರೆ ಯಾರೂ ಇಲ್ಲ. ಸಾಗಿನ್ ಅಣ್ಣ ಲಾರಿ ಹತ್ತಿಸಿದ... ಹಿಮ ಕುಸೀತು.

ಕುಡಿದು ಕೆಂಪು ದೀಪ ದಾಟಿದ ಅಂದ್ರು ಊರವರು. ಅವನ ಹೆಂಡ್ತಿ ಬುರುಲ್ ಅಕ್ಕನನ್ನ ಬಜಾರಲ್ಲಿ ಮಾತಾಡಿಸೋರೇ ಇಲ್ಲ. ನಿಜ ಗೊತ್ತಿದ್ದವನು ಎರ್ಮೆಕ್ ಒಬ್ಬನೇ. ತಿಂದದ್ದು ಮೈಗೆ ಹತ್ತಲಿಲ್ಲ, ಆದ್ರೂ ಬಾಯಿ ಬಿಡಲಿಲ್ಲ.

ಆಮೇಲೆ ದಿನಾ ಬಾವಿ ಹತ್ರ ಅದೇ. ಝಣ್... ಝಣ್... “ಹೋಗ್ಲಾ?”

ಒಂದ್ಸಲ ಧೈರ್ಯ ಮಾಡಿ “ಬೇಡಣ್ಣಾ” ಅಂದ್ನಂತೆ.

“ಈಗ ಹೇಳ್ತೀಯಾ?” ಅಂತು ದನಿ. ಸದ್ದು ಘಾಟಿ ಕಡೆ ಹತ್ತಿ ಹೋಯ್ತು.

ಮಾರನೇ ದಿನ ಗುರುವಾರ. ಸತ್ತವರಿಗೆ ವಾಸನೆ ಮುಟ್ಟಲಿ ಅಂತ ಎಣ್ಣೆಯಲ್ಲಿ ಹಿಟ್ಟಿನ ತುಂಡು, ಬೋರ್ಸೋಕ್, ಕರೀತೀವಲ್ಲ, ಬುರುಲ್ ಅಕ್ಕ ಕರೀತಿದ್ಲು. ಎರ್ಮೆಕ್ ನನ್ನನ್ನೂ ಎಳ್ಕೊಂಡು ಹೋದ. ತಟ್ಟೆ ತುಂಬ ಇದೆ, ತಿನ್ನೋಕೆ ನೆರೆಯವರು ಒಬ್ರೂ ಬಂದಿಲ್ಲ.

“ಅಕ್ಕಾ, ದೀಪ ಹಸಿರಿತ್ತು. ಅಣ್ಣನ ತಪ್ಪಲ್ಲ. ನಂದು.”

ಅಕ್ಕ ಸೌಟನ್ನ ಎಣ್ಣೆಯಲ್ಲೇ ಬಿಟ್ಲು.

“ಇದನ್ನ ಬಜಾರಲ್ಲಿ ನಿಂತು ಹೇಳ್ತೀಯಾ?”

“ಹೇಳ್ತೀನಿ.”

“ಜೈಲಾದ್ರೆ?”

“ಆಗ್ಲಿ ಅಕ್ಕಾ.”

“ಹಾಗಾದ್ರೆ ತಿನ್ನು.”

ಅವನು ಒಂದು ಬೋರ್ಸೋಕ್ ಎತ್ಕೊಂಡು ಹಾಗೇ ಹಿಡ್ಕೊಂಡು ಕೂತ. ನೋಡೋಕಾಗದೆ ನಾನು ಅಂಗಳಕ್ಕೆ ಬಂದೆ.

ಹಿಮದಿಂದ ಎಳೆದು ತಂದ ಲಾರಿ ಅಲ್ಲೇ ನಿಂತಿತ್ತು, ನಜ್ಜುಗುಜ್ಜಾಗಿ. ಬ್ಯಾಟರಿ ಬಿಚ್ಚಿ ಮಾರಿದ್ರು. ಕ್ಯಾಬಿನ್ ಮೇಲೆ, ಚಕ್ರದ ಮೇಲೆ, ಎಲ್ಲೆಲ್ಲೂ ದಪ್ಪ ಹಿಮ. ಇಂಜಿನ್ ಮುಚ್ಚೋ ಬಾನೆಟ್ ಮೇಲೆ ಮಾತ್ರ ಇರಲಿಲ್ಲ. ಕೈಗವಸು ತೆಗೆದು ಅಂಗೈ ಇಟ್ಟೆ.

ಬೆಚ್ಚಗಿತ್ತು... ಇದೇ ಕೈ ಕಣ್ರೋ, ಇದೇ ಕೈ.