ಹಿಂದೆ ನೀರು ಚೆಲ್ಲುವವನು

ಎಳ್ಳಮಾವಾಸ್ಯೆಗೆ ಕಲಬುರಗಿ ಸೀಮೆಯಲ್ಲಿ ಮಳೆ ಬರುವುದಿಲ್ಲ. ಬಂತೆಂದರೆ ಎಲ್ಲೋ ಸಮುದ್ರದಲ್ಲಿ ಎದ್ದ ತುಫಾನು ದಾರಿ ತಪ್ಪಿ ತೊಗರಿ ಹೊಲಕ್ಕೆ ನುಗ್ಗಿದೆ ಎಂದೇ ಅರ್ಥ. ಆ ವರ್ಷ ಹಾಗೇ ಆಯಿತು. ಮಧ್ಯಾಹ್ನದವರೆಗೆ ತಿಳಿಯಾಗಿದ್ದ ಆಕಾಶ ಇಳಿಹೊತ್ತಿಗೆ ಕರ್ರಗಾಯಿತು. ಹಬ್ಬದೂಟಕ್ಕೆ ಹೊಲದಲ್ಲಿ ಪಂಕ್ತಿ ಕೂತವರೆಲ್ಲ ಭಜ್ಜಿಯ ಗಡಿಗೆ, ಕಡುಬಿನ ಬುಟ್ಟಿ ಹೊತ್ತು ಟ್ರ್ಯಾಕ್ಟರ್ ಹತ್ತಿ ಓಡಿದರು. ಚಿಂಚೋಳಿಯ ಕಾಡು ಸುತ್ತಿ ಕಲಬುರಗಿಗೆ ಹೊರಟಿದ್ದ ಸೃಷ್ಟಿಯ ಕಾರು ಕಮಲಾಪುರ ಮುಟ್ಟುವಷ್ಟರಲ್ಲಿ ರಸ್ತೆಯೇ ಕಾಣದಂತಾಯಿತು. ಪಕ್ಕದಲ್ಲಿ ಕೆಂಪು ಬಾಳೆಹಣ್ಣು ಮಾರುವ ತಗಡಿನ ಅಂಗಡಿಯೊಂದಿತ್ತು. ಅಣ್ಣ ಗುರುಪ್ರಸಾದನ ಜೊತೆ ಅವಳು ಇಳಿದು ಅದರೊಳಕ್ಕೆ ಓಡಿದಳು.

ಒಳಗೆ ಗೊನೆಗಳ ನಡುವೆ ಗೋಣಿತಟ್ಟಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಭಾಗಮ್ಮ ಅವಳ ಹೆಸರು. ಹಣ್ಣನ್ನು ಸೂಪರ್ ಮಾರ್ಕೆಟ್ಟಿಗೆ ಒಯ್ಯುವ ಟೆಂಪೋದ ಗುಫ್ರಾನ್ ಪಕ್ಕದಲ್ಲಿ ಕೊಯ್ತಾ ಎಂಬ ಮಚ್ಚಿನಿಂದ ಗೊನೆ ಕಡಿಯುತ್ತಿದ್ದ.

"ಬರ್ರಿ, ಒಳಗ ಬರ್ರಿ. ಹಿಂದ ನಿಂತವನಿಗೂ ಕರೀರಿ, ಯಾಕ ಸುಮ್ನ ತೊಯ್ಸ್ಕೋತಾನ?" ಎಂದಳು ಭಾಗಮ್ಮ.

"ನಮ್ಮ ತಮ್ಮ ಆಯಿ. ಗಾಡಿ ನಿಲ್ಸಿ ಬರ್ತಾನ," ಎಂದಳು ಸೃಷ್ಟಿ.

ಮುದುಕಿ ಬಾಗಿಲ ಕಡೆ ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ನೋಡಿದಳು.

"ಗುಫ್ರಾನ್, ಆ ಕೊಯ್ತಾ ಒಳಗಿಟ್ಟು ಕೀಲಿ ಹಾಕಿ ಬಾ."

"ಇನ್ನಾ ಗೊನಿ ಅದಾವಲ್ಲ ಆಯಿ?"

"ಇಡಂದ್ರ ಇಡು. ಎದುರು ಮಾತಾಡಿದ್ರ ನಿನ್ನ ಟೆಂಪೋದಾಗ ನಿನಗೇ ತುಂಬಿ ಕಳಿಸ್ತೀನಿ."

ಗುಫ್ರಾನ್ ಗೊಣಗುತ್ತ ಕೊಯ್ತಾ ಒಳಗಿಟ್ಟು ಕೀಲಿ ಹಾಕಿದ. ತಮ್ಮ ವಿವೇಕಾನಂದ ಆಮೇಲೆ ಬಂದ. ಅಣ್ಣನಿಂದ ಎಷ್ಟು ದೂರ ಕೂರಬಹುದೋ ಅಷ್ಟು ದೂರ ಕೂತ. ಈ ಇಬ್ಬರನ್ನು ಕೂಡಿಸಲಿಕ್ಕೆಂದೇ ಸೃಷ್ಟಿ ಕಾಡಿನ ತಿರುಗಾಟ ಹೂಡಿದ್ದಳು. ಶರಣಸಿರಸಗಿಯ ಅಪ್ಪನ ಹೊಲವನ್ನು ಗುರುಪ್ರಸಾದ ಲೇಔಟಿಗೆ ಕೊಟ್ಟ ದಿನದಿಂದ ಅಣ್ಣ ತಮ್ಮಂದಿರಿಗೆ ಮಾತಿರಲಿಲ್ಲ. ಕೊನೆಯ ಜಗಳದಲ್ಲಿ ವಿವೇಕ, "ನಿನ್ನ ಕಡದು ಅದೇ ಪ್ಲಾಟಿನಾಗ ಹುಗೀತೀನಿ" ಎಂದಿದ್ದ. ಆ ಮಾತು ಕೇಳಿದ ಮೇಲೆ ಅವಳಿಗೆ ಸರಿಯಾಗಿ ನಿದ್ದೆಯೇ ಹತ್ತಿರಲಿಲ್ಲ. ಹೊಲವಿಲ್ಲದ ಮೊದಲ ಎಳ್ಳಮಾವಾಸ್ಯೆ ಇದು. ಮನೆಯಲ್ಲಿ ಕೂತರೆ ಏನಾದರೂ ಆದೀತೆಂದು ಹೆದರಿ, ಬುತ್ತಿ ಕಟ್ಟಿ ಇಬ್ಬರನ್ನೂ ಗುಡ್ಡಕ್ಕೆ ಎಳೆದೊಯ್ದಿದ್ದಳು. ಕಡಿದಾದ ದಾರಿಯಲ್ಲಿ ಒಬ್ಬರಿಗೊಬ್ಬರು ಕೈ ಕೊಡದೆ ಗತಿಯಿಲ್ಲ ಎಂಬುದು ಅವಳ ಲೆಕ್ಕ.

ಕಾಡೇನೋ ಕಣ್ಣು ತುಂಬಿತ್ತು. ಕೆಂಪು ಕಲ್ಲಿನ ದರಿ, ಎಲೆ ಉದುರಿಸುತ್ತಿದ್ದ ಸಾಗವಾನಿ, ದಾರಿಯ ನಡುವೆಯೇ ನಿಂತ ನವಿಲು. ದರಿಯಾಚೆಯ ಬಂಡೆಯ ಮೇಲಿಂದ ಒಂದು ತೋಳ ಇವರನ್ನು ನೋಡಿ, ಯಾವ ಅವಸರವೂ ಇಲ್ಲದೆ ಇಳಿದು ಹೋಗಿತ್ತು. ಆದರೆ ವಿವೇಕ ಕೈ ಕೊಟ್ಟದ್ದು ಅಕ್ಕನಿಗೆ ಮಾತ್ರ. ಹೀಗಿದ್ದೂ ಊಟ ಮುಗಿದ ಮೇಲೆ ಗುರುಪ್ರಸಾದನ ಮುಖ ಯಾಕೋ ಅರಳಿತ್ತು. ಇಳಿಯುವಾಗ ತಮ್ಮನ ಹೆಗಲ ಮೇಲೆ ಕೈ ಹಾಕಲು ಹೋಗಿ ಕೊಡವಿಸಿಕೊಂಡಿದ್ದ. ಅದಕ್ಕೂ ನಕ್ಕಿದ್ದ.

"ಎಳ್ಳಮಾಸಿ ದಿನ ಎಲ್ಲಿ ತಿರಗ್ಲಾಕ ಹೋಗಿದ್ರಿ?" ಎಂದು ಭಾಗಮ್ಮ ಚಹಾ ಕೊಡುತ್ತ ಕೇಳಿದಳು.

"ಚಿಂಚೋಳಿ ಕಾಡಿಗಿ ಆಯಿ. ಒಂದು ಹಾಳುಬಾವಿ ಅದ ನೋಡ್ರಿ, ಬಾಜೂಕ ದೊಡ್ಡ ಹುಣಚಿಗಿಡ. ಅಲ್ಲೇ ಉಂಡೇವು," ಎಂದ ಗುರುಪ್ರಸಾದ.

ಮುದುಕಿಯ ಕೈ ನಿಂತಿತು. "ಚರಗ ಚೆಲ್ಲಿದ್ರೇನು?"

"ಎಳ್ಳಮಾಸಿಗಿ ಚರಗ ಚೆಲ್ಲದೆ ಉಣ್ಣಾದು ಹ್ಯಾಂಗ್ರಿ? ರೂಢಿ ಬಿಡ್ತದೇನು?"

ಭಾಗಮ್ಮ ಸೆರಗನ್ನು ಎಳೆದು ಹೊದ್ದುಕೊಂಡಳು. ಮಳೆ ತಗಡನ್ನು ಬಡಿಯುತ್ತಲೇ ಇತ್ತು. ಬಾಗಿಲ ಕಡೆ ಮತ್ತೊಮ್ಮೆ ನೋಡಿ ಹೇಳಲು ತೊಡಗಿದಳು.

"ಕೇಳ್ರಿ ಹಂಗಾರ... ನೀವು ಕಾಡು ಅಂತೀರಲ್ಲ, ಆ ಜಾಗ ನಮ್ಮಪ್ಪನ ಹೊಲ. ತಂತಿ ಬಡದು ಬೋರ್ಡ್ ಹಚ್ಚೂದಕ್ಕಿಂತ ಭಾಳ ಮೊದಲಿನ ಮಾತು, ನಾ ಇನ್ನಾ ಲಂಗ ಉಟ್ಕೊಂಡು ತಿರಗೂ ಹುಡುಗಿ. ಅಪ್ಪ ಸತ್ತ ಮ್ಯಾಲ ಹೊಲ ಇಬ್ಬರು ಅಣ್ಣಂದಿರಿಗಿ ಪಾಲಾತು. ದೊಡ್ಡಾಂವ ರೇವಣಪ್ಪ, ಸಣ್ಣಾಂವ ಮಲ್ಕಪ್ಪ. ಬಾವಿ ಯಾರ ಪಾಲಿಗಿ ಹೋತು? ದೊಡ್ಡವನ ಪಾಲಿಗಿ. ಅಷ್ಟೇ ಸಾಕಾತು ನೋಡ್ರಿ. ಹುಟ್ತಾ ಅಣ್ಣತಮ್ಮರು, ಬೆಳೀತಾ ದಾಯಾದಿಗಳು ಅಂತ ಸುಮ್ನ ಅಂದಾರೇನು? ಒಂದೇ ತಾಟಿನಾಗ ಉಂಡವ್ರು ಒಬ್ಬರ ನೆರಳು ಒಬ್ಬರು ತುಳೀದಂಗ ಆದ್ರು.

"ಎಳ್ಳಮಾಸಿ ಬಂತು. ಊರ ಹಿರೇರು ಇಬ್ಬರಿಗೂ ಕುಂದರ್ಸಿ, ವರ್ಷಕ್ಕ ಒಂದಿನ ಭೂಮಿತಾಯಿ ಮುಂದರ ಕೂಡಿ ಉಣ್ರೋ ಅಂತ ಒಪ್ಪಿಸಿದ್ರು. ಪೂಜಿ ಆತು. ಚರಗದ ಪದ್ಧತಿ ನಿಮಗ ಗೊತ್ತದಲ್ಲ? ಮುಂದಿನವ ಬುಟ್ಟಿ ಹಿಡದು 'ಹುಲ್ಲುಲ್ಲಿಗೋ' ಅಂತ ಕೂಗಿ ಉಣ್ಣೂದು ಚೆಲ್ಲಕೋತ ಹೋಗ್ತಾನ, ಹಿಂದಿನವ 'ಚಲ್ಲಂಬರಿಗೋ' ಅಂತ ನೀರು ಚೆಲ್ಲಕೋತ ಬರ್ತಾನ. ಮುಂದಿನವ ಹೊಳ್ಳಿ ನೋಡಬಾರದು. ಯಾಕ ನೋಡಬಾರದು? ಹಿಂದ ಬರಾಂವ ನಮ್ಮಾಂವ ಅನ್ನೂ ನಂಬಿಕಿ ಅದು... ಅದಕ್ಕ.

"ಮುಂದ ರೇವಣಪ್ಪಣ್ಣ. ಹಿಂದ ಮಲ್ಕಪ್ಪ. ಎಡಗೈಯಾಗ ಚಂಬು, ಹೆಗಲ ಮ್ಯಾಲ ಕಂಬಳಿ. ಕಂಬಳಿ ಒಳಗ ಏನದ ಅಂತ ಯಾರು ಕೇಳ್ತಾರ್ರೀ? ಹುಣಚಿಗಿಡದ ಬುಡಕ ನಮ್ಮವ್ವ ಉಣ್ಣಾಕ ಎಡಿ ಮಾಡ್ಲಾಕತ್ತಿದ್ಲು. ಜ್ವಾಳ ಎದೀಮಟ ಬೆಳದಿತ್ತು, ಇಬ್ಬರ ತಲಿ ಅಷ್ಟೇ ಕಾಣ್ತಿದ್ವು ನಂಗ. ಹುಲ್ಲುಲ್ಲಿಗೋ... ಚಲ್ಲಂಬರಿಗೋ... ಬಾವಿ ದಂಡಿಗಿ ಹ್ವಾದ್ರು. ಹುಲ್ಲುಲ್ಲಿಗೋ ಅಂತ ಅಣ್ಣ ಕೂಗ್ದ. ಹಿಂದಿನವನ ದನಿ ಬರ್ಲಿಲ್ಲ. ಹಸೀ ಕಟಗಿ ಒಡದ್ರ ಬರ್ತದಲ್ಲ, ಆ ಸಪ್ಪಳ ಬಂತು. ಒಂದು ತಲಿ ಕೆಳಗ ಹೋತು. ಮತ್ತ ಅದೇ ಸಪ್ಪಳ... ಮತ್ತ... ಸತ್ತವನಿಗಿ ಎಷ್ಟು ಸಲ ಹೊಡೀಬೇಕ್ರೀ? ಕುತ್ತಿಗಿ ಬ್ಯಾರೆ ಆತು, ಕೈ ಬ್ಯಾರೆ ಆದ್ವು, ಆದ್ರೂ ಕೊಡ್ಲಿ ಏರ್ತಿತ್ತು, ಇಳೀತಿತ್ತು.

"ಓಡಿ ಹೋದಾನು ಅಂತೀರೇನು? ಇಲ್ಲ. ಬಿದ್ದ ಬುಟ್ಟಿ ತಾನೇ ಎತ್ಕೊಂಡ. ರಗತಾಗ ನೆನದ ಕಡಬು ಚೆಲ್ಲಕೋತ, ಹುಲ್ಲುಲ್ಲಿಗೋ ಅಂಬಾಂವನೂ ತಾನೇ, ಚಲ್ಲಂಬರಿಗೋ ಅಂಬಾಂವನೂ ತಾನೇ, ಹೊಲ ಪೂರಾ ಸುತ್ತು ಹಾಕಿ ಬಂದು ಅವ್ವನ ಮುಂದ ಚಕ್ಕಳಗುಂಡಿ ಹಾಕಿ ಕುಂತ. 'ಚರಗ ಆತು, ನೀಡವ್ವಾ' ಅಂದ. ಮಾರಿ ತುಂಬ ರಗತ, ಮೀಸಿಗಿ ರಗತ. ನಮ್ಮವ್ವ... ನಮ್ಮವ್ವ ನೀಡಿದ್ಲು ನೋಡ್ರಿ. ಕಣ್ಣು ನೋಡ್ಲಾಕತ್ತಿದ್ವು, ಕೈಗಿ ತಿಳೀಲಿಲ್ಲ ಆಕೀಗಿ.

"ಬಾಜೂ ಹೊಲದವ್ರು ಬಂದ್ರು. ಬಾಯಾಗಿನ ತುತ್ತು ನುಂಗೂದಕ್ಕ ಬಿಡ್ಲಿಲ್ಲ. ಕೂದಲಾ ಹಿಡದು ಅದೇ ಬಾವಿ ದಂಡಿಗಿ ಎಳ್ಕೊಂಡು ಹೋಗಿ, ಕಲ್ಲಾಗ, ಬಡಗ್ಯಾಗ, ಕೈಗಿ ಸಿಕ್ಕಿದ್ರಾಗ ಬಡದ್ರು. ಹಲ್ಲು ಉದುರಿದ್ವು, ಒಂದು ಕಣ್ಣು ಹೋತು, ಎಡಗೈಯಾಗಿನ ಚಂಬು ಮಾತ್ರ ಬಿಡ್ಲಿಲ್ಲ ಅಂವ. ಜೀವ ಹೋಗೂ ಮುಂದ ಅಂದ ಮಾತು ನನ್ನ ಕಿವಿಲೇ ಕೇಳೀನಿ. 'ನಾ ಹಿಂದಿನವ... ಮುಂದ ಯಾರರ ನಡೀರಿ... ಯಾರರ ನಡೀರಿ' ಅಂದ.

"ಹೊಲ ಬೀಳುಬಿತ್ತು. ಗಿಡ ಬೆಳದ್ವು, ಕಾಡಾತು. ಈಗ ನಿಮ್ಮಂಥವ್ರು ಬೂಟು ಹಾಕ್ಕೊಂಡು ಗುಡ್ಡ ಹತ್ತಲಾಕ ಬರ್ತೀರಿ. ಬರ್ರಿ, ನವಿಲು ನೋಡ್ರಿ, ಫೋಟೋ ಹೊಡ್ಕೋರಿ, ಯಾರು ಬ್ಯಾಡಂದ್ರು? ಹೊರಗಿನವ್ರು ಬರ್ತಾರ, ಬ್ರೆಡ್ಡು ಬಿಸ್ಕೀಟು ತಿಂದು ಹೋಗ್ತಾರ, ಅವರಿಗಿ ಏನೂ ಆಗಲ್ಲ. ಆಗೂದು ನಮ್ಮವರಿಗೇ. ಯಾಕಂದ್ರ ಚರಗ ಚೆಲ್ಲವ್ರು ನಾವೇ. ಚರಗ ಚೆಲ್ಲೂದಂದ್ರ ಈ ಹೊಲ ನಂದು ಅಂದಂಗ. ಹೊಲ ನಿಂದು ಅಂದ ಮ್ಯಾಲ ಹೊಲದಾಗಿದ್ದಾಂವನೂ ನಿನ್ನಾಂವನೇ ಅಲ್ಲೇನು?

"ಕರೋನಾಕ್ಕಿಂತ ಮೊದಲ ತಾಜಸುಲ್ತಾನಪುರದಿಂದ ಇಬ್ಬರು ಅಣ್ಣತಮ್ಮರು ಬೈಕ್ ಮ್ಯಾಲ ಬಂದಿದ್ರು. ಕಾಡು ನೋಡಿ, ಅಲ್ಲೇ ಚರಗ ಚೆಲ್ಲಿ, ಹೊಳ್ಳಿ ಬರೂ ಮುಂದ ಈ ಅಂಗಡ್ಯಾಗ ಹಣ್ಣು ತಿಂದ್ರು. ಅವರಿಗಿ ಜಗಳ ಅನ್ನೂದೇ ಗೊತ್ತಿಲ್ಲ, ಒಬ್ಬರ ಕೈಯಾಗಿಂದು ಒಬ್ಬರು ಕಸ್ಕೊಂಡು ತಿಂತಿದ್ರು. ಅಣ್ಣ ಎದ್ದು ಬೈಕ್ ಕಡಿ ನಡದ. ನೋಡ್ ನೋಡ್ತ ತಮ್ಮ ನನ್ನ ಕೊಯ್ತಾ ಎತ್ಕೊಂಡು ಹಿಂದಿಂದ ಓಡ್ದ. ಇದೇ ಅಂಗಡಿ ಕಟ್ಟಿ ಮುಂದ... ಗುಫ್ರಾನ್‌ಗ ಕೇಳ್ರಿ."

ಗುಫ್ರಾನ್ ತಲೆ ಎತ್ತಲಿಲ್ಲ. "ಯಾ ಅಲ್ಲಾ, ಅದು ಯಾಕ ತೆಗೀತಿ ಆಯಿ... ಕಟ್ಟಿ ನಾನೇ ತೊಳ್ದೀನ್ರೀ. ತಲಿ ಅರ್ಧ ಇರ್ಲಿಲ್ಲ," ಎಂದ.

"ಪೊಲೀಸರು ಎಷ್ಟು ಬಡದ್ರೂ ಆ ಹುಡುಗಂದು ಒಂದೇ ಮಾತು. 'ನಾ ಅಣ್ಣಗ ಹೊಡದಿಲ್ರೀ. ಅಣ್ಣನ ಹಿಂದ ಒಬ್ಬಾಂವ ಎಡಗೈಯಾಗ ಚಂಬು ಹಿಡದು, ಕೊಡ್ಲಿ ಎತ್ಕೊಂಡು ನಡದಿದ್ದ. ಅಣ್ಣಗ ಉಳಿಸ್ಬೇಕಂತ ಅವನಿಗಿ ಹೊಡ್ದೀನಿ.' ಖರೇನೇ ಹೇಳ್ದ ಪಾಪ. ಹೊಡದದ್ದು ಚಂಬಿನವನಿಗೇ. ಬಿದ್ದದ್ದು ಮುಂದಿದ್ದ ಅಣ್ಣ."

ಭಾಗಮ್ಮ ಗುರುಪ್ರಸಾದನ ಕಡೆ ತಿರುಗಿದಳು. "ಈಗ ಹೇಳಪ್ಪಾ. ನೀ ಚರಗ ಚೆಲ್ಲೂ ಮುಂದ ನಿನ್ನ ಹಿಂದ ನೀರು ಯಾರು ಚೆಲ್ಲಿದ್ರು?"

ಗುರುಪ್ರಸಾದ ನಕ್ಕ. ತಮ್ಮನ ಕಡೆ ಕೈ ತೋರಿಸಿದ. "ಯಾರಂದ್ರ? ಇಂವನೇ. ನನ್ನ ಜೋಡಿ ಮಾತು ಬಿಟ್ಟಾನ ಆಯಿ, ಆದ್ರೂ ಹಿಂದ ಬಂದ. ಚಲ್ಲಂಬರಿಗೋ ಅಂದ. ನಾ ಹೊಳ್ಳಿ ನೋಡ್ಲಿಲ್ಲ. ಅಳು ಬಂದಿತ್ತು ನಂಗ."

ವಿವೇಕ ಥಟ್ಟನೆ ಎದ್ದು ನಿಂತ. "ನಾ ಎಲ್ಲಿ ಬಂದೆ? ನಾ ದರಿ ಕಡಿ ಫೋಟೋ ಹೊಡಿಲಾಕ ಹೋಗಿದ್ದೆ. ಅಕ್ಕಗ ಕೇಳು."

ಸೃಷ್ಟಿಗೆ ನೆನಪಿತ್ತು. ಅವಳು ಹುಣಸೆಮರದ ಕೆಳಗೆ ಬುತ್ತಿ ಬಿಚ್ಚುವಾಗ ವಿವೇಕ ಮುಖ ಗಂಟು ಹಾಕಿಕೊಂಡು ದರಿಯ ಕಡೆ ಹೋಗಿದ್ದ. ಊಟಕ್ಕೆ ಕರೆತರಲು ಅವಳೇ ಹೋಗಿದ್ದಳು. ಬಾವಿಯ ಕಡೆಯಿಂದ ಬಂದ ಎರಡು ದನಿಗಳನ್ನು ಅವಳೂ ಕೇಳಿದ್ದಳು. ಎರಡನೆಯದು ಪಕ್ಕದಲ್ಲೆಲ್ಲೋ ಬಂದ ಇನ್ನೊಂದು ಮನೆಯವರದು ಎಂದುಕೊಂಡು ಸುಮ್ಮನಾಗಿದ್ದಳು.

"ಹುಚ್ಚಿ ಮುದುಕಿ ಮಾತು ಕೇಳಕೋತ ಕುಂತೀವಿ. ನಡೀರಿ ಮನೀಗಿ," ಎಂದು ಗುರುಪ್ರಸಾದ ಎದ್ದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದುಃಖವಿತ್ತು. ಇಡೀ ದಿನ ಎದೆಯಲ್ಲಿಟ್ಟುಕೊಂಡಿದ್ದ ಸಮಾಧಾನವನ್ನು ಯಾರೋ ಕಿತ್ತುಕೊಂಡಂತೆ ಅವನು ನಿಂತಿದ್ದ. ಅಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲಿ ಸೃಷ್ಟಿಗೆ ತಮ್ಮ ಅಂದಿದ್ದ ಆ ಹಳೆಯ ಮಾತೇ ಕಿವಿಯಲ್ಲಿ ಮೊಳಗಿತು. ಕಡದು ಹುಗೀತೀನಿ. ದೆವ್ವವಿರಲಿ ಬಿಡಲಿ, ಇವರಿಬ್ಬರನ್ನು ಹಿಂದೆ ಮುಂದೆ ನಡೆಯಲು ಬಿಡಬಾರದು. "ಅಣ್ಣಾ, ನೀ ಮುಂದ ನಡಿ. ನಡುವ ನಾ ಬರ್ತೀನಿ. ವಿವೇಕಾ, ನೀ ನನ್ನ ಹಿಂದ ಬಾ," ಎಂದಳು. ಕೊಯ್ತಾ ಒಳಗೆ ಕೀಲಿಯಲ್ಲಿದೆ, ನಡುವೆ ನಾನಿದ್ದೇನೆ, ಇನ್ನೇನಾದೀತು ಎಂದು ಅವಳಿಗೆ ಧೈರ್ಯ ಬಂತು.

ಮಳೆಯಲ್ಲಿ ಕಾರಿನ ಕಡೆ ನಡೆದರು. ಮುಂದೆ ಅಣ್ಣನ ಬೆನ್ನು ಮಸುಕಾಗಿ ಕಾಣುತ್ತಿತ್ತು. ಹಿಂದೆ ಕೆಸರಿನಲ್ಲಿ ಹೆಜ್ಜೆ ಬೀಳುತ್ತಿದ್ದವು. ಎಷ್ಟಾದರೂ ತಮ್ಮ, ಹೇಳಿದ ಮಾತು ಕೇಳಿದ ಎಂದು ಅವಳ ಕಣ್ಣು ತುಂಬಿದವು.

"ವಿವೇಕಾ, ಕೈ ಕೊಡು, ಜಾರ್ತದ," ಎಂದು ಕೈ ಹಿಂದಕ್ಕೆ ಚಾಚಿದಳು.

ಬೆರಳಿಗೆ ತಣ್ಣನೆಯ ಲೋಹದ ಅಂಚು ತಾಕಿತು. ದುಂಡನೆಯ ಅಂಚು. ಅದರಿಂದ ನೀರು ತುಳುಕಿ ಅವಳ ಅಂಗೈ ಮೇಲೆ ಬಿತ್ತು.

ಆಗಲೇ ಎದುರಿಗೆ ಕಾರಿನ ದೀಪ ಹೊತ್ತಿತು. ಕರೆಂಟು ಹೋದ ಕೂಡಲೇ ಓಡಿಬಂದು ಗಾಡಿ ಹತ್ತಿದ್ದ ವಿವೇಕ ಸ್ಟೀರಿಂಗ್ ಹಿಡಿದು ಕೂತಿದ್ದ. ಅವನು ನೋಡುತ್ತಿದ್ದುದು ಅಣ್ಣನನ್ನಲ್ಲ, ಅಕ್ಕನನ್ನೂ ಅಲ್ಲ. ಅವಳ ಹೆಗಲಿನಾಚೆ, ಸ್ವಲ್ಪ ಮೇಲೆ, ಎತ್ತಿದ ಯಾವುದನ್ನೋ ನೋಡುತ್ತಿದ್ದ. ಬಾಗಿಲು ತೆರೆದುಕೊಂಡಿತು. ಗಾಲಿ ಬಿಚ್ಚುವ ಕಬ್ಬಿಣದ ಪಾನಾ ಹಿಡಿದು ಅವನು ಅಣ್ಣನನ್ನು ಪಕ್ಕಕ್ಕೆ ನೂಕಿ ಅವಳ ಕಡೆ ಓಡಿಬಂದ.

"ಅಕ್ಕಾ, ಬಾಜೂಕ ಸರಿ! ನಿನ್ನ ಹಿಂದ ಯಾವನೋ ಅದಾನ, ಸರಿ!"

ಸೃಷ್ಟಿಯ ಕಾಲು ಕೆಸರಿನಲ್ಲಿ ಹೂತುಹೋಗಿತ್ತು. ಅಂಗಡಿಯ ಕತ್ತಲಿನಿಂದ ಭಾಗಮ್ಮನ ದನಿ ಮಳೆಯನ್ನು ಸೀಳಿಕೊಂಡು ಬಂತು.

"ಹೊಡೀಬ್ಯಾಡೋ ಯಪ್ಪಾ! ಅಂವ ಬೀಳಾಂವಲ್ಲ... ಅವನ ಮುಂದಿದ್ದವ್ರೇ ಬೀಳಾವ್ರು!"