ದಿಬ್ಬದ ಮೇಲೆ ಹಾರ್ನ್ ಹೊಡೆಸಿದವನ ಮಾತು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯ ಅಧಿಕಾರಿಗಳೇ, ನನ್ನಿಂದ ಅಷ್ಟು ಬೈಸಿಕೊಂಡೂ ಹಾರ ತಂದಿರುವ ಡ್ರೈವಿಂಗ್ ಶಾಲೆಗಳ ಮಾಲೀಕರೇ, ಸಹೋದ್ಯೋಗಿಗಳೇ, ಮಧ್ಯಾಹ್ನದ ಊಟ ಮುಗಿಸಿಯೂ ಎಚ್ಚರವಾಗಿರುವ ಸಭಿಕರೇ,

ನನಗಿಂತ ಮೊದಲು ಮಾತಾಡಿದವರು ಬಹಳ ಹೊಗಳಿದರು. ಅಷ್ಟೊಂದು ಒಳ್ಳೆಯ ಮಾತು ಕೇಳಿದಾಗ, ನಾನಿನ್ನೂ ಬದುಕಿದ್ದೇನೆಯೇ ಎಂದು ಮೈ ಚಿವುಟಿ ನೋಡಿಕೊಳ್ಳುವಂತಾಯಿತು. ಮೂವತ್ತೊಂದು ವರ್ಷ ಈ ಕಚೇರಿಯ ಹಿಂದಿನ ಮೈದಾನದಲ್ಲಿ ಬಿಸಿಲಿಗೆ ನಿಂತು ಡ್ರೈವಿಂಗ್ ಟೆಸ್ಟ್ ಮಾಡಿದ್ದೇನೆ. ದೊಡ್ಡವರ ತಮ್ಮಂದಿರನ್ನು ಎರಡೆರಡು ಸಲ ಫೇಲ್ ಮಾಡಿದ್ದೇನೆ. ನನ್ನ ಸ್ವಂತ ಭಾವಮೈದುನನನ್ನು ಮೂರು ಸಲ. ಅವನು ಇಂದಿಗೂ ನಮ್ಮ ಮನೆಗೆ ಸೈಕಲ್ಲಿನಲ್ಲೇ ಬರುತ್ತಾನೆ; ಬಂದು ಅಕ್ಕನ ಜತೆ ಮಾತ್ರ ಮಾತಾಡಿ ಹೋಗುತ್ತಾನೆ. ಇದಕ್ಕೆ ಹೆಮ್ಮೆ ಪಡಬೇಕೋ ಬೇಡವೋ? ನಾನಂತೂ ಪಡುತ್ತೇನೆ.

ಅಧ್ಯಕ್ಷರು ಹೇಳಿದರು, ‘ಇವರು ಎಂದೂ ಶಿಫಾರಸಿಗೆ ಬಗ್ಗಿದವರಲ್ಲ’ ಎಂದು. ನಿಜ, ಬಗ್ಗಲಿಲ್ಲ. ಆದರೆ ಒಂದು ಸಲ ನಾನೇ ಶಿಫಾರಸು ಮಾಡಿದ್ದೇನೆ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಹೊಗಳಿಕೆ ಜೀರ್ಣವಾಗುತ್ತಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಎಂಟು ವರ್ಷದ ಹಿಂದೆ ನನ್ನ ಮಗಳು ಟೆಸ್ಟಿಗೆ ಬಂದಳು. ಮಗಳನ್ನು ನಾನೇ ಪರೀಕ್ಷಿಸುವಂತಿಲ್ಲವಲ್ಲ, ಜತೆಯ ಇನ್‌ಸ್ಪೆಕ್ಟರಿಗೆ ಒಪ್ಪಿಸಿದೆ. ಒಪ್ಪಿಸಿ ಸುಮ್ಮನಿರಬೇಕಿತ್ತು. ‘ಸ್ವಲ್ಪ ನೋಡ್ಕೊಳ್ಳಪ್ಪ’ ಎಂದೆ. ಆ ಪುಣ್ಯಾತ್ಮ ನೋಡಿಕೊಂಡ. ಮೈದಾನದಲ್ಲಿ ಎಂಟರ ಆಕಾರಕ್ಕೆ ಗಾಡಿ ತಿರುಗಿಸಿದ್ದನ್ನು ನೋಡಿದ. ದಿಬ್ಬದ ಮೇಲೆ ನಿಲ್ಲಿಸಿ ಮತ್ತೆ ಹೊರಡುವ ಪರೀಕ್ಷೆಯನ್ನು ಬಿಟ್ಟೇಬಿಟ್ಟ. ‘ನಿಮ್ಮ ಮಗಳಲ್ವಾ ಸಾರ್, ರಕ್ತದಲ್ಲೇ ಬಂದಿರುತ್ತೆ’ ಎಂದು ಸಹಿ ಹಾಕಿದ. ನಾನು ಇಡೀ ಕಚೇರಿಗೆ ಸಿಹಿ ಹಂಚಿದೆ. ನಿಮ್ಮಲ್ಲಿ ಕೆಲವರು ತಿಂದಿದ್ದೀರಿ.

ಒಂಬತ್ತನೆಯ ದಿನ, ಮಟಮಟ ಮಧ್ಯಾಹ್ನ, ಅವಳು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ತೆಗೆದಳು. ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ಗಾಡಿಗಳು ಸಾಲಾಗಿ ನಿಂತವು. ಇವಳೂ ನಿಂತಳು. ಬೆನ್ನಿಗೇ ಒಂದು ಲಾರಿ. ಮುಂದಿನ ಗಾಡಿ ಹೊರಟಾಗ ಇವಳ ಎಂಜಿನ್ ಆಫ್ ಆಯಿತು. ಲಾರಿಯವನು ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಮತ್ತೆ ಸ್ಟಾರ್ಟ್ ಮಾಡಿದಳು. ಕಾರು ಹಿಂದಕ್ಕೆ ಜಾರಿತು. ‘ಅಮ್ಮಾ, ಏನ್ ಮಾಡ್ಲಿ? ಏನ್ ಮಾಡ್ಲಿ?’ ಎನ್ನುತ್ತಲೇ ಆಕ್ಸಲರೇಟರನ್ನು ಪೂರ್ತಿ ತುಳಿದಳು. ಕಾರು ನೆಗೆದು ಸೇತುವೆಯ ಗೋಡೆಗೆ ಬಡಿಯಿತು. ಮಗಳಿಗೆ ತರಚಿದ ಗಾಯ. ಅವಳ ಅಮ್ಮನ ಮಂಡಿ ಮುರಿದಿತ್ತು. ಮೊದಲ ಸಾಲಿನಲ್ಲಿ ಊರುಗೋಲು ಹಿಡಿದು ಕೂತಿದ್ದಾರಲ್ಲ, ಅವರೇ. ಮೆಟ್ಟಿಲ ಮೇಲೆ ಜಾರಿ ಬಿದ್ದರು ಎಂದು ನಿಮಗೆಲ್ಲ ಹೇಳಿದ್ದೆ. ಅದು ಸುಳ್ಳು.

ಆಸ್ಪತ್ರೆಯ ಬೆಂಚಿನ ಮೇಲೆ ಮಗಳು ಕೇಳಿದಳು: ‘ದಿಬ್ಬ ಹತ್ತಿಸ್ಲಾ ಅಂತ ಆವತ್ತು ಕೇಳಿದೆ. ಬೇಡ ಹೋಗಮ್ಮ ಅಂದ್ರು. ಅಪ್ಪಾ, ನೀನೇನಾದ್ರೂ ಹೇಳಿದ್ಯಾ?’

‘ಹೇಳಿದೆ’ ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ತಿಂಗಳು ಕಾರಿನ ಕೀ ಮುಟ್ಟಲಿಲ್ಲ. ಕಡೆಗೆ ಒಂದು ದಿನ ನನ್ನ ಹೆಂಡತಿ, ‘ನಾಳಿದ್ದು ಕಾಲು ತೋರಿಸೋಕೆ ಹೋಗ್ಬೇಕು. ಇವಳೇ ಕರ್ಕೊಂಡು ಹೋಗ್ತಾಳೆ’ ಎಂದರು. ‘ಬೇಡ ಕಣೇ, ಆಟೋ ತರ್ತೀನಿ’ ಎಂದೆ. ‘ಮುರಿದದ್ದು ನನ್ನ ಕಾಲು. ನಾನೇ ಹೆದರ್ತಿಲ್ಲ, ನಿಮಗೇನ್ರೀ?’ ಎಂದು ಬಾಯಿ ಮುಚ್ಚಿಸಿದರು. ಈ ಹೆಣ್ಣುಮಗಳನ್ನು ಫೇಲ್ ಮಾಡುವ ಇನ್‌ಸ್ಪೆಕ್ಟರ್ ಇನ್ನೂ ಹುಟ್ಟಿಲ್ಲ.

ಮಗಳು ಒಂದು ಷರತ್ತು ಹಾಕಿದಳು: ಮೊದಲು ಬಿಟ್ಟುಹೋದ ಪರೀಕ್ಷೆ ಆಗಬೇಕು. ಭಾನುವಾರ ಖಾಲಿ ಮೈದಾನಕ್ಕೆ ಕರೆತಂದೆ. ದಿಬ್ಬದ ಮೇಲೆ ಹತ್ತು ಸಲ ನಿಲ್ಲಿಸಿದಳು, ಹತ್ತು ಸಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಟಳು. ನಾನು ಬೆಪ್ಪಾದೆ. ಅಂದರೆ, ಆವತ್ತು ದಿಬ್ಬ ಹತ್ತಿಸಿದ್ದರೂ ಅವಳು ಪಾಸೇ ಆಗುತ್ತಿದ್ದಳು. ಒಂಬತ್ತನೆಯ ದಿನ ಗೋಡೆಗೂ ಬಡಿಯುತ್ತಿದ್ದಳು.

‘ಇಲ್ಲಿ ಬೆನ್ನ ಹಿಂದೆ ಯಾರಿದ್ದಾರಪ್ಪಾ, ನನ್ನ ಹೆದರಿಸೋಕೆ?’ ಎಂದಳು.

ಸಭಿಕರೇ, ಎರಡು ಪದ ಆಡಿದ ತಪ್ಪು ಅದರಿಂದ ಮಾಫ್ ಆಗಲಿಲ್ಲ. ಅದು ನನ್ನದೇ. ಆದರೆ ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಪ್ರಾಮಾಣಿಕವಾಗಿ ಪಾಸು ಮಾಡಿದ ಸಾವಿರಾರು ಮಂದಿ? ಅವರು ಏನು ಕಲಿತಿದ್ದಾರೆಂದು ನಾನು ಸಹಿ ಹಾಕಿಕೊಟ್ಟೆ? ಖಾಲಿ ಮೈದಾನದಲ್ಲಿ ಗಾಡಿ ಓಡಿಸುವುದನ್ನೇ?

ಸೋಮವಾರ ನಮ್ಮ ಕಚೇರಿಯ ಜೀಪಿನ ಡ್ರೈವರನ್ನು ಕರೆದೆ. ‘ದಿಬ್ಬದ ಮೇಲೆ ಯಾರೇ ನಿಲ್ಲಿಸಲಿ, ಇಪ್ಪತ್ತು ಅಡಿ ಹಿಂದೆ ನಿಂತು ಹಾರ್ನ್ ಹೊಡಿ’ ಎಂದೆ. ‘ಎಷ್ಟು ಹೊತ್ತು ಸಾರ್?’ ‘ಅವರು ಹೊರಡೋ ತನಕ.’ ಅವತ್ತು ಹದಿನೆಂಟು ಜನರಲ್ಲಿ ಪಾಸಾದವರು ಮೂವರು. ಒಬ್ಬ ಗೃಹಿಣಿ ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಜೀಪಿನ ಹತ್ತಿರ ಹೋಗಿ ‘ನಿಮ್ಮನೇಲಿ ಅಕ್ಕತಂಗೀರಿಲ್ವೇನ್ರೀ?’ ಎಂದು ದಬಾಯಿಸಿ, ವಾಪಸ್ ಬಂದು ಸಲೀಸಾಗಿ ಹೊರಟರು. ಅವರಿಗೆ ಪೂರ್ತಿ ಅಂಕ ಕೊಟ್ಟೆ. ದಿಬ್ಬ ದಾಟಿದವರನ್ನು ಗೇಟಿನ ಹೊರಗೆ, ಮಾರುಕಟ್ಟೆ ರಸ್ತೆಗೆ ಕರೆದೊಯ್ದೆ. ಶಾಲೆಗಳ ಮಾಲೀಕರು ದೂರು ಬರೆದರು. ಈಗ ತಲೆ ತಗ್ಗಿಸಬೇಡಿ, ಹಾರ ಚೆನ್ನಾಗಿದೆ. ಮೇಲಿನಿಂದ ನೋಟಿಸ್ ಬಂತು. ‘ಲಾರಿಗೆ ನೋಟಿಸ್ ಕೊಟ್ಟು ಹಾರ್ನ್ ನಿಲ್ಲಿಸುವಂತಿದ್ದರೆ ನಾನೂ ನಿಲ್ಲಿಸುತ್ತೇನೆ’ ಎಂದು ಉತ್ತರ ಬರೆದೆ. ಹೋದ ವರ್ಷ ಅದೇ ಮೇಲಿನವರು ಹೊರಗಿನ ರಸ್ತೆಯಲ್ಲಿ ಒಂದು ಸುತ್ತು ಓಡಿಸುವುದೂ ಟೆಸ್ಟಿನ ಭಾಗವೆಂದು ಆದೇಶ ಹೊರಡಿಸಿದರು. ಕೆಳಗೆ ನನ್ನ ಹೆಸರಿಲ್ಲ. ಪರವಾಗಿಲ್ಲ, ಓದಿ ಖುಷಿಪಟ್ಟೆ.

ಮಗಳ ವಿಷಯ ಹೇಳಿ ಮುಗಿಸುತ್ತೇನೆ. ಅವಳು ಅಮ್ಮನನ್ನು ಆಸ್ಪತ್ರೆಗೆ ಅದೇ ಸೇತುವೆಯ ಮೇಲೆ ಕರೆದೊಯ್ದಳು, ತಿಂಗಳಿಗೆರಡು ಸಲ, ಒಂದು ವರ್ಷ. ಹಿಂದಿನ ಸೀಟಿನಲ್ಲಿ ಕೂತ ನನಗೆ ಬಾಯಿ ಬಿಡಲು ಅಪ್ಪಣೆ ಇರಲಿಲ್ಲ. ಆಮೇಲೆ ದೊಡ್ಡ ಗಾಡಿಯ ಲೈಸೆನ್ಸಿಗೆ ಅರ್ಜಿ ಹಾಕಿದಳು. ಇಲ್ಲಲ್ಲ, ನನ್ನ ಮುಖ ಕಂಡವರೇ ಇಲ್ಲದ ದೂರದ ಕಚೇರಿಯಲ್ಲಿ. ಮಧ್ಯಾಹ್ನ ಫೋನ್ ಮಾಡಿ, ‘ಅಪ್ಪಾ, ಫೇಲ್ ಮಾಡಿಬಿಟ್ರು. ಹಿಂದಕ್ಕೆ ತೆಗೆಯೋವಾಗ ಕಂಬ ನೋಡ್ಲಿಲ್ಲ’ ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ‘ಮತ್ತೆ ಹೋಗ್ತೀನಿ’ ಎಂದಳು. ಹೋದಳು. ಪಾಸಾದಳು.

ಅವಳು ಯಾಕೆ ಬಂದಿಲ್ಲವೆಂದು ಬೆಳಗಿನಿಂದ ಕೇಳುತ್ತಿದ್ದೀರಿ. ಈಗ ಗಂಟೆ ನಾಲ್ಕು. ಶಾಲೆ ಬಿಡುವ ಹೊತ್ತು. ಅವಳ ಬಸ್ಸಿನಲ್ಲಿ ನಲವತ್ತೆರಡು ಮಕ್ಕಳಿದ್ದಾರೆ. ಅಪ್ಪನ ಸನ್ಮಾನಕ್ಕೆಂದು ಅವರನ್ನು ಕಾಯಿಸುವುದಿಲ್ಲ ಎಂದಳು. ನನಗೆ ಇಂದು ಹೊದಿಸಿದ ಶಾಲಿಗಿಂತ ಆ ಮಾತು ಬೆಚ್ಚಗಿದೆ.

ಇಷ್ಟು ಹೊತ್ತು ಹಾರ್ನ್ ಹೊಡೆಯದೆ ನನ್ನ ಮಾತು ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.