ಷಡ್ಡಕನ ಕೈಗುಣ

ಬಸ್ಸಿನಲ್ಲಿ ನರ್ಸಮ್ಮನಿಗೆ ತೂಕಡಿಕೆ ಹತ್ತಿತ್ತು. ಮುಂದಿನ ಸೀಟಿನ ಗಂಡ ಹೆಂಡಿರ ಮಾತು ಕಿವಿಗೆ ಬಿದ್ದದ್ದೇ ತಡ, ನಿದ್ದೆ ಹಾರಿಹೋಯಿತು. ಗಂಡನ ಕೈಚೀಲದಿಂದ ಟೆಸ್ಟರೊಂದು ಇಣುಕುತ್ತಿತ್ತು.

“ಇಪ್ಪತ್ತು ವರ್ಷದಿಂದ ಸ್ಪೀಕರ್ ರಿಪೇರಿ ಮಾಡ್ತಿರೋನು ನಾನು. ಹೊಗಳಿಕೆ ಮಾತ್ರ ನಿನ್ನ ತಂಗಿ ಗಂಡನಿಗೆ!”

“ಪಾಪ, ಪುಸ್ತಕ ನೋಡ್ಕೊಂಡು ಮೊದಲನೇ ಸಲ ಅಪ್ಪನ ಮನೆ ಸ್ಪೀಕರ್ ಪೆಟ್ಟಿಗೆಗೆ ಕ್ರಾಸ್‌ಓವರ್ ಮಾಡಿದಾನೆ. ಅಪ್ಪ ಮೆಚ್ಚಿಕೊಂಡ್ರೆ ನಿಮಗ್ಯಾಕ್ರೀ ಹೊಟ್ಟೆಕಿಚ್ಚು?”

“ದಪ್ಪ ದನಿ ದೊಡ್ಡ ಸ್ಪೀಕರಿಗೆ, ಸಣ್ಣ ದನಿ ಚಿಕ್ಕದಕ್ಕೆ ಹಂಚೋದು ಏನ್ ಮಹಾ ವಿದ್ಯೆ?”

“ಅದಕ್ಕೇನಾ ಮೊನ್ನೆ ಊಟಕ್ಕೆ ಹೋದಾಗ ಆ ಪೆಟ್ಟಿಗೆ ಹಿಂದೆ ಕೂತಿದ್ರಿ?”

ಗಂಡ ದನಿ ತಗ್ಗಿಸಿದ. ನರ್ಸಮ್ಮ ಮುಂದಕ್ಕೆ ಬಾಗಿ ಕೂತಳು.

“ಚಿಕ್ಕ ಸ್ಪೀಕರಿನ ಎರಡು ವೈರು ಅದಲು ಬದಲು ಮಾಡ್ದೆ. ಹಾಡು ಕೆಡ್ಲಿ ಅಂತ.”

“ಅಯ್ಯೋ! ಕೆಡ್ತಾ?”

“ಎಲ್ಲಿ ಕೆಡುತ್ತೆ? ಅವನು ಮೊದಲೇ ಉಲ್ಟಾ ಕೊಟ್ಟಿದ್ದ! ಟೊಳ್ಳಾಗಿದ್ದ ದನಿ ಈಗ ತುಂಬ್ಕೊಂಡು ಬರ್ತಿದೆ.”

“ಹಾಗಾದ್ರೆ ನಿನ್ನೆ ಅಪ್ಪ ಫೋನಲ್ಲಿ, ಕಿರಿಯಳಿಯನ ಕೈಗುಣವೇ ಕೈಗುಣ ಅಂದಿದ್ದು…”

“ಹೂಂ.”

“ಅದು ನಿಮ್ಮ ಕೈಗುಣ ಕಣ್ರೀ!”

ಅವರ ಸ್ಟಾಪು ಬಂತು.

“ಬಾಯಿಬಿಟ್ಟು ಹೇಳ್ಕೊಳೋಕಾಗುತ್ತೇನೇ?” ಎಂದು ಗೊಣಗುತ್ತ ಗಂಡ ಟೆಸ್ಟರನ್ನು ಚೀಲದ ತಳಕ್ಕೆ ತುರುಕಿ ಇಳಿದುಹೋದ.